ಪೂರ್ವಿಕರ ಭಾವಚಿತ್ರಗಳೂ ಮನೆತನದ ಇತಿಹಾಸವೂ

ರಾಜಮಹಾರಾಜರ ಇತಿಹಾಸಕ್ಕೆ ಶಿಲಾಶಾಸನ, ತಾಮ್ರಪಟಗಳುಂಟು. ಒಕ್ಕಲಿಗರ, ವ್ಯಾಪಾರಸ್ಥರ, ನೇಕಾರರ ಮನೆತನಗಳಿಗೆ ಅಂಥ ಸಾಧನಗಳಿಲ್ಲ. ಅಜ್ಜಿಯು ಮೊಮ್ಮಕ್ಕಳಿಗೆ ಹೇಳಿದ ಮಾತು, ಹಳೆಯ ಖಾತೆಕಿರ್ದಿ, ಗೋಡೆಯ ಮೇಲಿನ ಒಂದೆರಡು ಭಾವಚಿತ್ರ, ಇವಿಷ್ಟೇ ಅವುಗಳ ಭಂಡಾರ. ಇವುಗಳಲ್ಲಿ ಭಾವಚಿತ್ರವನ್ನು ನಾವು ಎಲ್ಲಕ್ಕಿಂತ ಹೆಚ್ಚಾಗಿ ನಂಬುತ್ತೇವೆ. ಬಾಯಿಮಾತು ತಪ್ಪಬಹುದು, ಕಣ್ಣಿಗೆ ಕಂಡದ್ದು ತಪ್ಪೀತೇ ಎಂಬುದು ಸಾಮಾನ್ಯರ ಭಾವನೆ. ಈ ಭಾವನೆಯು ಎಷ್ಟರ ಮಟ್ಟಿಗೆ ಸಮಂಜಸವೆಂಬುದನ್ನು ಇಲ್ಲಿ ಕಿಂಚಿತ್ ವಿಚಾರಿಸೋಣ.

ನಮ್ಮ ಮನೆಯ ಪಡಸಾಲೆಯಲ್ಲಿಯೇ ಅಂಥದೊಂದು ಚಿತ್ರವಿದ್ದಿತು. ರುಮಾಲು ಸುತ್ತಿ, ಕೆತ್ತನೆಯ ಕುರ್ಚಿಯಲ್ಲಿ ಕುಳಿತ ಒಬ್ಬ ತರುಣನದು. ಕಿತ್ತೂರಿನ ಕಾಳಗದಲ್ಲಿ ಕತ್ತಿ ಹಿಡಿದ ನಮ್ಮ ಮೂಲಪುರುಷರು ಇವರೇ ಎಂದು ಹಿರಿಯರು ಹೇಳುತ್ತಿದ್ದರು. ಹಬ್ಬಹುಣ್ಣಿಮೆಗೆ ಆ ಚಿತ್ರಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ ನಾವೆಲ್ಲರೂ ಕೈಮುಗಿದು ಬೆಳೆದೆವು.

ಆದರೆ ಕಾಲಗಣನೆಯು ಇದಕ್ಕೆ ಒಪ್ಪುವದಿಲ್ಲ. ಕಿತ್ತೂರಿನ ಕಾಳಗವು ನಡೆದುದು 1824ರಲ್ಲಿ. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟುದು 1829ರಲ್ಲಿ. ಛಾಯಾಚಿತ್ರ ತೆಗೆಯುವ ಡಾಗೇರನ ವಿಧಾನವು ಪ್ಯಾರಿಸ್ ನಗರದಲ್ಲಿ ಪ್ರಕಟವಾದುದಾದರೋ 1839ರಲ್ಲಿ. ನಮ್ಮ ನಾಡಿನಲ್ಲಿ ಆರಂಭದಲ್ಲಿ ಈ ಯಂತ್ರವನ್ನು ಹೆಚ್ಚಾಗಿ ಹಿಡಿದು ತಿರುಗಿದವರು ಆಂಗ್ಲ ಅಧಿಕಾರಿಗಳು. 1855ರಲ್ಲಿ ಥಾಮಸ್ ಬಿಗ್ಸ್ ಎಂಬವನನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಚಿತ್ರಿಸಲು ಸರಕಾರವು ನಿಯಮಿಸಿತು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೈನ್ಯಾಧಿಕಾರಿಯು ಮೇಣ ಸವರಿದ ಕಾಗದದ ಮೇಲೆ ಹಂಪೆಯನ್ನು ಚಿತ್ರಿಸಿದನು. ಹಳ್ಳಿಗಾಡಿನ ಸಾಮಾನ್ಯ ಮನೆಗಳಿಗೆ ಭಾವಚಿತ್ರವು ಪ್ರವೇಶಿಸಿದುದು ಇನ್ನೂ ಬಹಳ ತಡವಾಗಿ. ಅಂದಬಳಿಕ 1824ರ ವೀರನು ತಾರುಣ್ಯದಲ್ಲಿ ಚಿತ್ರಕ್ಕೆ ಕುಳಿತಿದ್ದನೆಂಬುದು ಹೇಗೆ ಸಾಧ್ಯ?

ಹಂಪೆಯ ಚಿತ್ರದಲ್ಲಿ ಸಂಶಯ ಬಂದರೆ ಅದನ್ನು ಗುಡಿಯ ಎದುರಿಗೆ ಹಿಡಿದು ನೋಡಬಹುದು. ಕಲ್ಲು ಇನ್ನೂ ನಿಂತಿದೆ. ಗತಿಸಿದ ಮನುಷ್ಯನ ಚಿತ್ರಕ್ಕೆ ಆ ಅನುಕೂಲತೆಯಿಲ್ಲ. ಮೇಲಾಗಿ, ಚಿತ್ರದಲ್ಲಿ ಕಾಣುವ ವೈಭವವೆಲ್ಲ ಕುಳಿತವನದೇ ಎಂದು ತಿಳಿಯಲಾಗದು. ಕುರ್ಚಿ, ಹೂದಾನಿ, ಹಿಂದಿನ ಪರದೆಯ ಮೇಲೆ ಬರೆದ ಅರಮನೆ, ಒಮ್ಮೊಮ್ಮೆ ಉಟ್ಟ ಅಂಗಿಯೂ ಸಹ ಚಿತ್ರ ತೆಗೆಯುವವನವೇ ಆಗಿರುತ್ತಿದ್ದವು. ತೀರಿಕೊಂಡವರ ಮುಖವನ್ನು ಬೇರೊಂದು ಮೈಗೆ ಜೋಡಿಸಿ, ಬಣ್ಣ ತುಂಬಿ ಕೊಡುವ ಪದ್ಧತಿಯೂ ಇದ್ದಿತು.

ವರ್ಣಗಳ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ಗಾಜಿನ ಫಲಕಗಳು ನೀಲಿಯನ್ನು ಬೇಗನೆ ಗ್ರಹಿಸುತ್ತಿದ್ದವು, ಕೆಂಪನ್ನು ಗ್ರಹಿಸುತ್ತಿರಲಿಲ್ಲ. ಆದಕಾರಣ ತಿಳಿನೀಲಿ ರುಮಾಲು ಬೆಳ್ಳಗೆ ಮೂಡುವದು; ಕೆಂಪು ಇಳಕಲ್ಲ ಸೀರೆ ಕರಿದಾಗುವದು. ಮಠಗಳಲ್ಲಿರುವ ಹಿಂದಿನ ಸ್ವಾಮಿಗಳ ಚಿತ್ರಗಳಲ್ಲಿ ಕಾವಿಯು ಕಪ್ಪಾಗಿ ಕಾಣಬರುವದಕ್ಕೆ ಇದೇ ಕಾರಣವಾಗಿರಬಹುದು. ಎಲ್ಲ ವರ್ಣಗಳನ್ನೂ ಗ್ರಹಿಸುವ ಫಲಕಗಳು ಮಾರಾಟಕ್ಕೆ ಬಂದುದು 1906ರಲ್ಲಿ. ಅವು ಎಲ್ಲೆಡೆ ಬಳಕೆಗೆ ಬರಲು ಇನ್ನೂ ಕೆಲವು ಕಾಲ ಹಿಡಿಯಿತು.

ಇರಲಿ. ಗೆದ್ದಲು ಹತ್ತಿದ ಚೌಕಟ್ಟನ್ನು ಒಂದು ದಿನ ನಾವು ಬಿಚ್ಚಿದಾಗ, ರಟ್ಟಿನ ಹಿಂದೆ ಪೆನ್ಸಿಲಿನಿಂದ ಬರೆದ ಹೆಸರೊಂದು ಕಂಡಿತು. ಅದು ನಮ್ಮ ಅಜ್ಜನ ಚಿಕ್ಕಪ್ಪನ ಹೆಸರು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ಬಳಿಕ ನಮ್ಮ ಸೀಮೆಗೂ ಹಬ್ಬಿದ ಪ್ಲೇಗಿನಲ್ಲಿ, ಮದುವೆಗೆ ಮುಂಚೆಯೇ ಅವರು ತೀರಿಕೊಂಡರೆಂದು ಅಜ್ಜಿ ಹೇಳಿದ್ದುಂಟು. ಮಕ್ಕಳಿಲ್ಲದವರ ಹೆಸರನ್ನು ಎತ್ತುವವರು ಯಾರು? ಹೆಸರು ಮರೆಯಿತು, ಮುಖ ಮಾತ್ರ ಉಳಿಯಿತು. ಇತ್ತ ಕಿತ್ತೂರಿನ ಹಿರಿಯರ ಹೆಸರಿದ್ದಿತು, ಮುಖವಿರಲಿಲ್ಲ. ಮನೆಯವರ ಪ್ರೀತಿಯು ಎರಡನ್ನೂ ಕೂಡಿಸಿಬಿಟ್ಟಿತು. ಯಾರೂ ಬೇಕೆಂದು ಸುಳ್ಳಾಡಲಿಲ್ಲ; ಆದರೂ ಇಬ್ಬರಿಗೆ ಅನ್ಯಾಯವಾಯಿತು. ಒಬ್ಬರಿಗೆ ತಮ್ಮದಲ್ಲದ ಮುಖ ಬಂದಿತು, ಇನ್ನೊಬ್ಬರು ಇದ್ದ ಹೆಸರನ್ನೂ ಕಳೆದುಕೊಂಡರು.

ಹಾಗೆಂದ ಮಾತ್ರಕ್ಕೆ ಹಿರಿಯರು ಹೇಳಿದ ಕಥೆಯೇ ಸುಳ್ಳೆಂದು ತಳ್ಳಿಹಾಕುವದು ಯುಕ್ತವಲ್ಲ. ಚಿತ್ರವು ಅವರದಲ್ಲವಾದರೂ ಅವರು ಕಾಳಗಕ್ಕೆ ಹೋಗಿದ್ದಿರಬಹುದು. ಅದನ್ನು ಬೇರೆ ಸಾಕ್ಷ್ಯಗಳಿಂದ ಪರೀಕ್ಷಿಸತಕ್ಕದ್ದು. ಕಥೆಗೆ ಚಿತ್ರವನ್ನೂ ಚಿತ್ರಕ್ಕೆ ಕಥೆಯನ್ನೂ ಸಾಕ್ಷಿಯಾಗಿಸಿ ಸುಮ್ಮನಾಗುವದು ಮಾತ್ರ ಸಲ್ಲದು.

ವಾಚಕರಲ್ಲಿ ನಮ್ಮದೊಂದು ಬಿನ್ನಹ. ಮನೆಯಲ್ಲಿ ಹಿರಿಯರು ಇರುವಾಗಲೇ ಹಳೆಯ ಚಿತ್ರಗಳನ್ನು ಅವರ ಮುಂದಿರಿಸಿ, ಯಾರು, ಯಾವ ಊರು, ಯಾವ ಸಂದರ್ಭವೆಂದು ಕೇಳಿ ಬರೆದಿಡಿರಿ. ಹೇಳಿದವರಾರೆಂಬುದನ್ನೂ ನಮೂದಿಸಿರಿ, ಸಂಶಯವಿದ್ದಲ್ಲಿ ಸಂಶಯವೆಂದೇ ಬರೆಯಿರಿ. ನಮ್ಮ ಪಡಸಾಲೆಯಲ್ಲಿ ಆ ಚಿತ್ರವು ಈಗಲೂ ಅದೇ ಸ್ಥಳದಲ್ಲಿದೆ. ಅದರ ಕೆಳಗೆ ಆ ತರುಣನ ನಿಜವಾದ ಹೆಸರನ್ನು ಬರೆಸಿದ್ದೇವೆ. ಹಬ್ಬದ ದಿನ ಹೂವು ಮೊದಲಿನಂತೆಯೇ ಏರುತ್ತದೆ.