ಸ್ಯಾಂಕಿಯ ಪದಕಗಳು ಮತ್ತು ನಮ್ಮ ಕೆರೆ

ಯಶವಂತಪುರ, ಮಲ್ಲೇಶ್ವರಗಳ ಕಡೆಯಿಂದ ನನ್ನ ತರಗತಿಗೆ ಬರುತ್ತಿದ್ದವರಿಗೆ, ಸ್ಯಾಂಕಿ ಕೆರೆಯ ಏರಿಯ ಮೇಲೆ ನಾನು ಮಾಡಿದ ಇತಿಹಾಸದ ಪಾಠ ನೆನಪಿರಬಹುದು. "ಸ್ಯಾಂಕಿ ಅಂದರೆ ಯಾರು ಸಾರ್?" ಎಂದು ನಿಮ್ಮಲ್ಲೊಬ್ಬ ಕೇಳಿದ್ದ. "ಊರಿಗೆ ನೀರು ಕೊಟ್ಟ ಇಂಜಿನಿಯರು" ಎಂದು ಹೇಳಿ ಮುಗಿಸಿದ್ದೆ. ಅದು ಸುಳ್ಳಲ್ಲ; ಆದರೆ ಅರ್ಧ ಉತ್ತರ. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ.

ರಿಚರ್ಡ್ ಹೈರಾಮ್ ಸ್ಯಾಂಕಿ ಹುಟ್ಟಿದ್ದು 1829ರಲ್ಲಿ, ಐರ್ಲೆಂಡಿನ ಟಿಪ್ಪರರಿ ಪ್ರಾಂತದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಅಡಿಸ್ಕಂಬ್ ಸೈನಿಕ ವಿದ್ಯಾಲಯದಲ್ಲಿ ಕಲಿತು 1846ರಲ್ಲಿ ಮದ್ರಾಸ್ ಇಂಜಿನಿಯರ್ಸ್ ದಳಕ್ಕೆ ಸೇರಿದ. ಮೊದಲಿಗೆ ಆತ ಸೈನಿಕನೇ. ಪ್ರಥಮ ಸ್ವಾತಂತ್ರ್ಯ ಸಂಗ್ರಾಮವೆಂದು ನಿಮಗೆ ನಾನು ನೋಟ್ಸ್ ಬರೆಸಿದ 1857ರ ಆ ಹೋರಾಟದಲ್ಲಿ ಆತ ಇದ್ದದ್ದು ಎದುರು ಪಕ್ಷದಲ್ಲಿ. ಅಲಹಾಬಾದಿನಲ್ಲಿ ರಕ್ಷಣಾ ಕಾಮಗಾರಿ ನಡೆಸಿದ. ಲಕ್ನೋ ಕಡೆಗೆ ಹೊರಟಿದ್ದ ಜಂಗ್ ಬಹದ್ದೂರನ ಗೂರ್ಖಾ ಪಡೆ ದಾಟಲೆಂದು ನದಿಗೆ ಸೇತುವೆ ಕಟ್ಟಿದ.

ಅದಕ್ಕಾಗಿ ಬಂದದ್ದು ಬೆಳ್ಳಿಯ ಪದಕ. ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿ, ಇನ್ನೊಂದರಲ್ಲಿ ಸಿಂಹದೊಡನೆ ನಿಂತ ಬ್ರಿಟಾನಿಯಾ. ಬಿಳಿಯ ರಿಬ್ಬನ್ನಿನಲ್ಲಿ ಎರಡು ಕೆಂಪು ಪಟ್ಟೆಗಳು. ದೊಡ್ಡ ಕದನಗಳಲ್ಲಿದ್ದವರಿಗೆ ರಿಬ್ಬನ್ನಿಗೆ ಅಡ್ಡಲಾಗಿ ದೆಹಲಿ, ಲಕ್ನೋ, ಮಧ್ಯಭಾರತ ಎಂದು ಹೆಸರಿರುವ ಸಣ್ಣ ಬೆಳ್ಳಿಪಟ್ಟಿ. ಸ್ಯಾಂಕಿಗೂ ಅಂಥದೊಂದು ಪಟ್ಟಿ ದೊರೆಯಿತು. ಪದಕದ ಅಂಚಿನಲ್ಲಿ ಪಡೆದವನ ಹೆಸರಿರುತ್ತದೆ. ಆ ಊರುಗಳಲ್ಲಿ ಸತ್ತವರ ಹೆಸರಿಗೆ ಅದರಲ್ಲಿ ಜಾಗವಿಲ್ಲ.

ಅದೇ ಮನುಷ್ಯ 1861ರಲ್ಲಿ ಮೈಸೂರು ಸೀಮೆಗೆ ಬಂದ. ಅಠಾರಾ ಕಚೇರಿ, ಕಬ್ಬನ್ ಪಾರ್ಕುಗಳು ಆತನ ಕೆಲಸವೆಂದು ಎಲ್ಲರೂ ಬಲ್ಲರು. ನನಗೆ ಮೆಚ್ಚುಗೆಯಾಗುವುದು ಬೇರೊಂದು ಸಂಗತಿ. ನಮ್ಮ ಕೆರೆಗಳ ಸಾಲುಗಳನ್ನು ಪರಿಶೀಲಿಸಿ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆನ್ನುವಷ್ಟು ಪೂರ್ಣವಾಗಿ ಇಲ್ಲಿಯ ಹಿರಿಯರು ನೀರನ್ನು ಹಿಡಿದಿಟ್ಟಿದ್ದಾರೆಂದು 1866ರಲ್ಲಿ ಆತ ಬರೆದ. ಆಳಲು ಬಂದವರಲ್ಲಿ ಹೀಗೆ ಒಪ್ಪಿಕೊಂಡವರು ವಿರಳ. ಒಂದು ಕೆರೆಯ ಕೋಡಿ ಬಿದ್ದರೆ ಮುಂದಿನ ಕೆರೆ ತುಂಬುವ ಆ ಜಾಣ್ಮೆಯನ್ನು ನಾವೇ ಮರೆತು, ಕೆರೆಯಂಗಳದಲ್ಲಿ ಬಡಾವಣೆ ಎಬ್ಬಿಸಿದೆವು.

1877ರಲ್ಲಿ ಆತ ಮೈಸೂರು ಬಿಟ್ಟ. ಮರುವರ್ಷವೇ ಆಫ್ಘನ್ ಯುದ್ಧ. ಕಂದಹಾರಿಗೆ ಹೊರಟ ಪಡೆಯ ಇಂಜಿನಿಯರುಗಳಿಗೆ ಆತನೇ ಮುಖ್ಯಸ್ಥ. ಮತ್ತೊಂದು ಪದಕ ಬಂತು. 'ಕಂದಹಾರ್' ಎಂಬ ಪಟ್ಟಿ ಮಾತ್ರ 1880ರ ಸೆಪ್ಟೆಂಬರ್ 1ರ ಕದನಕ್ಕೆ ಮೀಸಲು. ಅಷ್ಟರಲ್ಲಿ ಆತ ಮದ್ರಾಸಿಗೆ ಮರಳಿದ್ದ.

1876–78ರ ಭೀಕರ ಕ್ಷಾಮದ ನೆನಪು ಮಾಸುವ ಮುನ್ನ, 1882ರಲ್ಲಿ ನಮ್ಮ ಕೆರೆ ಸಿದ್ಧವಾಯಿತು. ಹತ್ತಿರದಲ್ಲಿ ಸರ್ಕಾರದ ಶ್ರೀಗಂಧದ ಕೋಠಿಯಿದ್ದುದರಿಂದ ಜನ ಅದನ್ನು ಗಂಧದಕೋಟಿ ಕೆರೆ ಎಂದೂ ಕರೆದರು. ಉಳಿದದ್ದು ಸ್ಯಾಂಕಿಯ ಹೆಸರು. ಆತ 1908ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದಿದರೆ, ದಯವಿಟ್ಟು ನೋಟ್ಸಿನಲ್ಲಿ ತಿದ್ದಿಕೊಳ್ಳಲಿ.