ಡೊಂಬಿವಲಿಯ ಗುಲಾಬಿ ಕ್ರೀಮಿಗೆ ಹಣ್ಣು ಬಂದ ಬಗೆ

ನಮ್ಮ ಡೊಂಬಿವಲಿಯ ಸ್ಟ್ರಾಬೆರಿ ಕೇಕಿಗೆ ಬಣ್ಣ ಮೊದಲು ಬಂತು, ಹಣ್ಣು ಬಹಳ ತಡವಾಗಿ ಬಂತು. ಹಾಸನದ ಕಡೆಯಿಂದ ಮದುವೆಯಾಗಿ 1984ರಲ್ಲಿ ನಾನಿಲ್ಲಿಗೆ ಬಂದಾಗ ಹುಟ್ಟುಹಬ್ಬದ ಕೇಕೆಂದರೆ ಬೆರಳಷ್ಟು ದಪ್ಪ ಗುಲಾಬಿ ಕ್ರೀಮು, ಅದೇ ಕ್ರೀಮಿನ ಎರಡು ಹೂವು, ಅಂಚಿಗೆ ಬೆಳ್ಳಿಗುಂಡು. ಅದನ್ನು ಸ್ಟ್ರಾಬೆರಿ ಕೇಕ್ ಅಂತಲೇ ಕರೆಯುತ್ತಿದ್ದೆವು. ಅದನ್ನು ತಿಂದು ಬೆಳೆದ ನಮ್ಮ ಬಿಲ್ಡಿಂಗಿನ ಮಕ್ಕಳಲ್ಲಿ ಹೆಚ್ಚಿನವರು ಆ ಹಣ್ಣನ್ನು ಕಣ್ಣಾರೆ ಕಂಡಿರಲಿಲ್ಲ. ಈಗ ನಾನೇ ಮನೆಯಲ್ಲಿ ಸ್ಟ್ರಾಬೆರಿ ಬಟರ್‌ಕ್ರೀಮ್ ಮಾಡಿ ಆರ್ಡರಿಗೆ ಕೊಡುತ್ತೇನೆ. ಒಳ್ಳೆಯ ರೆಸಿಪಿಗಳು ಎಲ್ಲರಿಗೂ ಸಿಗುತ್ತವೆ. ಆದರೆ ಈ ಕ್ರೀಮು ನಮ್ಮ ಊರುಗಳಲ್ಲಿ ಇಷ್ಟು ತಡವಾದದ್ದು ರೆಸಿಪಿಯ ಕೊರತೆಯಿಂದಲ್ಲ. ಕೊಬ್ಬು, ರಸ್ತೆ, ಕರೆಂಟು ಈ ಮೂರೂ ಅದನ್ನು ತಡೆದು ನಿಲ್ಲಿಸಿದ್ದವು.

ಕೊಬ್ಬಿನ ಮಾತು ಮೊದಲು. ಡಾಲ್ಡಾ ಎಂಬ ವನಸ್ಪತಿ ಈ ದೇಶದ ಅಂಗಡಿಗೆ ಬಂದದ್ದು 1937ರಲ್ಲಿ. ತುಪ್ಪದ ಬಡ ತಂಗಿಯೆಂದು ಮನೆಗಳಲ್ಲಿ ಅದಕ್ಕೆ ಮರ್ಯಾದೆ ಕಡಿಮೆ. ಬೇಕರಿಯಲ್ಲಿ ಮಾತ್ರ ವನಸ್ಪತಿಯೇ ಯಜಮಾನ. ಬೆಣ್ಣೆಯ ಕೊಬ್ಬು 32ರಿಂದ 35 ಡಿಗ್ರಿಯೊಳಗೆ ಕರಗಿಹೋಗುತ್ತದೆ. ವನಸ್ಪತಿಗೆ ಕಾನೂನು 41 ಡಿಗ್ರಿಯವರೆಗೂ ಅವಕಾಶ ಕೊಟ್ಟಿತ್ತು. ಕಲ್ಯಾಣದ ಏಪ್ರಿಲ್ ಬಿಸಿಲು ಕಂಡವರಿಗೆ ಈ ಆರು ಡಿಗ್ರಿಯ ಬೆಲೆ ಹೇಳಬೇಕಾಗಿಲ್ಲ. ಸ್ಟೇಷನ್ ಕಡೆಯ ಬೇಕರಿಯಲ್ಲಿ ನಮ್ಮ ಹಾಸನದವರೇ ಒಬ್ಬರಿದ್ದರು. ಬೆಣ್ಣೆಯಲ್ಲಿ ಯಾಕೆ ಮಾಡುವುದಿಲ್ಲ ಎಂದು ಕೇಳಿದ್ದಕ್ಕೆ, "ಹೂವೆಲ್ಲ ಮಧ್ಯಾಹ್ನಕ್ಕೇ ಕೂತ್ಬಿಡುತ್ತೆ ಅಕ್ಕಾ, ಆಮೇಲೆ ಬೆಣ್ಣೆ ರೇಟು ನೋಡಿದೀರಾ?" ಅಂದರು. ಅವರ ಮಾತಿನಲ್ಲಿ ಮೋಸವಿರಲಿಲ್ಲ. ಫ್ಯಾನು ಕೂಡ ಹಾಕದ ಗಾಜಿನ ಪೆಟ್ಟಿಗೆಯಲ್ಲಿ ಸಂಜೆಯತನಕ ನಿಲ್ಲುವ ಹೂವನ್ನು ಅರಳಿಸುವುದು ಕೈಚಳಕದ ಕೆಲಸ. ಅಂಥ ಕೈಗಳ ಬಗ್ಗೆ ನನಗಿರುವುದು ಗೌರವವೇ. ನಾಲಗೆಯ ಮೇಲೆ ಮಾತ್ರ ಆ ಕ್ರೀಮು ಕರಗದೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮೈಯ ಬಿಸಿ 37 ಡಿಗ್ರಿ; ಅದಕ್ಕೂ ಬಗ್ಗದ ಕೊಬ್ಬು ರುಚಿಯನ್ನು ಹೊರಗೆ ಬಿಡುವುದಾದರೂ ಹೇಗೆ?

ಹಾಸನದವರು ಇಲ್ಲಿಯ ಬೇಕರಿಗೆ ಹೇಗೆ ಬಂದರು ಎಂಬುದಕ್ಕೂ ಒಂದು ದಾರಿಯಿದೆ. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬವೊಂದು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರುಮಾಡಿತು. ಆ ಜಿಲ್ಲೆಯ ನೆಂಟರು, ನೆಂಟರ ನೆಂಟರು ಅದೇ ಕಸುಬು ಹಿಡಿದು ಊರೂರಿಗೆ ಹರಡಿದರು. ಥಾಣೆ, ಡೊಂಬಿವಲಿ, ನವಿಮುಂಬಯಿಯ ಸೆಕ್ಟರುಗಳಲ್ಲಿ 'ಬೆಂಗಳೂರು ಅಯ್ಯಂಗಾರ್ ಬೇಕರಿ' ಎಂಬ ಬೋರ್ಡು ಇವತ್ತೂ ಕಾಣುತ್ತದೆ. ಮೊಟ್ಟೆಯಿಲ್ಲದ ಕೇಕ್ ಅವರ ಹೆಗ್ಗಳಿಕೆ. ಪಾಕ ಕುಡಿದ ಸ್ಪಂಜಿನ ಮೇಲೆ ಕೆಂಪು ಜಾಮ್, ಅದರ ಮೇಲೆ ಒಣಕೊಬ್ಬರಿ ತುರಿ ಉದುರಿಸಿದ ಹನಿ ಕೇಕ್ ಇದೆಯಲ್ಲ, ನನ್ನ ಮಟ್ಟಿಗೆ ಹಣ್ಣಿನ ರುಚಿಯನ್ನು ಕೇಕಿನ ಮೇಲೆ ಪ್ರಾಮಾಣಿಕವಾಗಿ ಹತ್ತಿಸಿದ್ದು ಅದೇ ಮೊದಲು. ಬಿಸಿಲಿಗೆ ಜಾಮ್ ಹೆದರುವುದಿಲ್ಲ ಕೂಡ.

ಇನ್ನು ಹಣ್ಣು. ಸ್ಟ್ರಾಬೆರಿಯ ತವರು ನಮಗೇನೂ ದೂರವಲ್ಲ, ಸಹ್ಯಾದ್ರಿಯ ಮೇಲೇ ಇದೆ. ಮಹಾಬಳೇಶ್ವರವನ್ನು ಬ್ರಿಟಿಷರು 1820ರ ದಶಕದ ಕೊನೆಗೆ ಗಿರಿಧಾಮ ಮಾಡಿಕೊಂಡರು. ಅಲ್ಲಿಯ ಸೆರೆಮನೆಯ ಚೀನೀ ಮತ್ತು ಮಲಯ ಕೈದಿಗಳು ದೊರೆಗಳ ಊಟದ ಮೇಜಿಗೆ ತರಕಾರಿ ಬೆಳೆಯುತ್ತಿದ್ದರು. ಸೆರೆಮನೆ 1864ರಲ್ಲಿ ಮುಚ್ಚಿದರೂ ತೋಟಗಾರಿಕೆ ಉಳಿಯಿತು. ಪಂಚಗಣಿಯಲ್ಲಿ 1959ರಲ್ಲಿ ಹುಟ್ಟಿದ ಮ್ಯಾಪ್ರೊ ಕಂಪನಿ ಅಲ್ಲಿಯ ಹಣ್ಣನ್ನು ಜಾಮ್ ಮಾಡಿ ಬಾಟಲಿಗೆ ತುಂಬಿತು. ನಮ್ಮಂಥವರ ಮನೆಗೆ ಸ್ಟ್ರಾಬೆರಿ ಮೊದಲು ಬಂದದ್ದು ಹಾಗೆ, ಬಾಟಲಿಯಲ್ಲಿ. ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಆ ಗುಡ್ಡದ್ದೇ, 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಕಿತ್ತ ಮರುದಿನವೇ ಮೆತ್ತಗಾಗುವ ಹಣ್ಣು ಘಾಟಿ ಇಳಿದು ಇಲ್ಲಿಗೆ ಸೇರಬೇಕಲ್ಲ! ಹಣ್ಣಿನ ಸಗಟು ಮಾರುಕಟ್ಟೆ 1990ರ ದಶಕದಲ್ಲಿ ಮುಂಬಯಿಯ ಇಕ್ಕಟ್ಟಿನಿಂದ ವಾಶಿಗೆ ಬಂತು. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ 2002ಕ್ಕೆ ಪೂರ್ತಿಯಾಯಿತು. ಥಾಣೆ–ವಾಶಿ ಲೋಕಲ್ 2004ರಲ್ಲಿ ಓಡತೊಡಗಿತು. ಆಮೇಲೆಯೇ ಡಿಸೆಂಬರಿನಲ್ಲಿ ನಮ್ಮ ಸ್ಟೇಷನ್ನಿನ ಹೊರಗೆ ಗಾಡಿಗಳ ಮೇಲೆ ಪ್ಲಾಸ್ಟಿಕ್ ಡಬ್ಬಿಯ ಸ್ಟ್ರಾಬೆರಿ ಸಾಲಾಗಿ ಕೂತದ್ದು.

ಬೆಣ್ಣೆಯ ಕಥೆ ಚಿಕ್ಕದು: ಪೋಲ್ಸನ್ ಹೋಯಿತು, 1955ರಲ್ಲಿ ಹೆಸರು ಪಡೆದ ಅಮುಲ್ ಮನೆಮನೆಗೂ ತಲುಪಿತು. ಕರೆಂಟಿನದೇ ದೊಡ್ಡ ಗೋಳು. 2005ರ ಆಚೀಚೆ ಮುಂಬಯಿ ನಗರದಲ್ಲಿ ದೀಪ ಆರುತ್ತಿರಲಿಲ್ಲ. ಥಾಣೆಯಿಂದ ಈಚೆಗೆ ನಮಗೆ ಗಂಟೆಗಟ್ಟಲೆ ಲೋಡ್‌ಶೆಡ್ಡಿಂಗ್. ಫ್ರಿಜ್ಜನ್ನು ನಂಬಿ ಬೆಣ್ಣೆಯ ಕೇಕ್ ಇಡುವ ಧೈರ್ಯ ಯಾವ ಬೇಕರಿಯವರಿಗಿತ್ತು? ಒಂದೇ ರೈಲುಹಳಿಯ ಮೇಲಿನ ಊರುಗಳಾದರೂ ದಾದರಿನ ಕೇಕ್ ಬೇರೆ, ಡೊಂಬಿವಲಿಯ ಕೇಕ್ ಬೇರೆ ಆದದ್ದರಲ್ಲಿ ಇದರ ಪಾಲು ದೊಡ್ಡದೆಂದೇ ನನ್ನ ನಂಬಿಕೆ.

ಹಣ್ಣು, ಬೆಣ್ಣೆ, ಕರೆಂಟು ಮೂರೂ ಸೇರಿದ ಮೇಲೂ ಕೆಲಸ ಸಲೀಸಲ್ಲ. ಸ್ಟ್ರಾಬೆರಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಹಸಿಯಾಗಿ ರುಬ್ಬಿ ಬೆಣ್ಣೆಗೆ ಸುರಿದರೆ ಕ್ರೀಮು ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತದೆ. ಅರ್ಧ ಕಿಲೋ ಹಣ್ಣನ್ನು ರುಬ್ಬಿ, ಸಣ್ಣ ಉರಿಯಲ್ಲಿ ತಿರುವುತ್ತಾ 150 ಗ್ರಾಮಿಗೆ ಇಳಿಸುತ್ತೇನೆ. ಸೌಟು ಎಳೆದ ದಾರಿ ಪಾತ್ರೆಯ ತಳದಲ್ಲಿ ಹಾಗೇ ನಿಂತರೆ ಹದ ಬಂತು. ಅರ್ಧ ಚಮಚ ನಿಂಬೆರಸ ಬೇಕೇ ಬೇಕು. ಹುಳಿ ಸೋಕಿದರೆ ಹಣ್ಣಿನ ಕೆಂಪು ನಿಲ್ಲುತ್ತದೆ, ಇಲ್ಲದಿದ್ದರೆ ಮಂಕಾಗುತ್ತದೆ. ಅದು ಪೂರ್ತಿ ತಣಿಯಬೇಕು. ಇಲ್ಲಿ ಅವಸರ ಪಟ್ಟರೆ ಬೆಣ್ಣೆ ಕರಗಿ ಎಲ್ಲವೂ ಹಾಳು. 250 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಬೆರಳೊತ್ತಿದರೆ ಗುಳಿ ಬೀಳುವಷ್ಟು ಮೆದು ಮಾಡಿ, ಬಿಳಿಚುವವರೆಗೆ ಬೀಟರಿನಲ್ಲಿ ಹೊಡೆದು, ಜರಡಿ ಹಿಡಿದ 400 ಗ್ರಾಂ ಐಸಿಂಗ್ ಸಕ್ಕರೆಯನ್ನು ಮೂರು ಸಲಕ್ಕೆ ಸೇರಿಸಬೇಕು. ಹಣ್ಣಿನ ಪಾಕ ಅರ್ಧದಷ್ಟು ಸಾಕು, ಅದೂ ಚಮಚ ಚಮಚವಾಗಿ. ಕೊನೆಗೆ ಒಂದು ಚಿಟಿಕೆ ಉಪ್ಪು. ಅದು ಬಿದ್ದ ಮೇಲೆಯೇ ಸಕ್ಕರೆಯ ಅಬ್ಬರ ತಗ್ಗಿ ಹಣ್ಣು ಮಾತಾಡುತ್ತದೆ. ಮೇ ತಿಂಗಳಲ್ಲಿ ಈ ಕ್ರೀಮಿನಿಂದ ಹೂವು ಬಿಡಿಸುವುದಿಲ್ಲ, ನಯವಾಗಿ ಸವರಿ ಬಿಡುತ್ತೇನೆ. ಬಿಸಿಲಿಗೆ ಹೂವನ್ನು ಒಡ್ಡಬೇಕೆಂದರೆ ಮತ್ತೆ ಹಳೆಯ ಕೊಬ್ಬಿಗೇ ಹೋಗಬೇಕಾಗುತ್ತದೆ.

2020ರ ಲಾಕ್‌ಡೌನಿನಲ್ಲಿ ನಮ್ಮ ಊರುಗಳ ಎಷ್ಟೋ ಅಡುಗೆಮನೆಗಳು ಬೇಕರಿಯಾದವು. ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಕಟ್ಟಿ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡು ಹೆಂಗಸರು ಧೈರ್ಯವಾಗಿ ಕಸುಬಿಗಿಳಿದರು. ಅತ್ತ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡ 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಗೆ ಬಂದು, ಹಳೆಯ ವನಸ್ಪತಿಯ ಕಾಲ ಮುಗಿಯಿತು. ಆದರೂ ಗಿರಾಕಿಗಳ ಕಣ್ಣಿನಲ್ಲಿ ಆ ಹಳೆಯ ಬಣ್ಣವೇ ಕೂತಿದೆ. ನಿಜವಾದ ಹಣ್ಣು ಬೆಣ್ಣೆಗೆ ಸೇರಿದಾಗ ಬರುವುದು ತೆಳು ಗುಲಾಬಿ, ನಡುವೆ ಚುಕ್ಕೆಚುಕ್ಕೆ ಬೀಜ. "ಕಾಕೂ, ಬಣ್ಣ ಸ್ವಲ್ಪ ಜಾಸ್ತಿ ಮಾಡ್ತೀರಾ?" ಎಂದು ಎದುರು ಬಿಲ್ಡಿಂಗಿನ ಹುಡುಗಿ ಕೇಳಿದಾಗ ಬಾಟಲಿಯ ಬಣ್ಣ ತೆಗೆಯಲಿಲ್ಲ, ಒಂದು ಚಮಚ ಕ್ರೀಮನ್ನು ಅವಳ ಕೈಗೆ ಕೊಟ್ಟೆ. ಮುಂದಿನ ವಾರ ತಂಗಿಯ ಹುಟ್ಟುಹಬ್ಬಕ್ಕೆ ಒಂದು ಕಿಲೋ ಕೇಕ್ ಹೇಳಿ ಹೋಗಿದ್ದಾಳೆ, ಇದೇ ಬಣ್ಣದ್ದು.