ಖಾಲಿ ಗ್ರಾಹಕವನ್ನು ಕಾಣುವ ಬಗೆ: ಒತ್ತಡದ ಹಾರ್ಮೋನು ಮತ್ತು ಪ್ರತಿಕಾಯಗಳ ಇತಿಹಾಸ

ಒತ್ತಡದ ಹಾರ್ಮೋನು ಮಿದುಳಿನಲ್ಲಿ ಎಲ್ಲಿ ನೆಲೆಗೊಳ್ಳುತ್ತದೆ ಎಂಬ ಪ್ರಶ್ನೆಗೆ ಒಂದು ಗಟ್ಟಿ ಉತ್ತರ ಸಿಕ್ಕಿದ್ದು 1968ರಲ್ಲಿ. ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಇವೆನ್ ಮತ್ತು ಸಂಗಡಿಗರು ಇಲಿಗಳ ಅಡ್ರಿನಲ್ ಗ್ರಂಥಿಗಳನ್ನು ತೆಗೆದು, ವಿಕಿರಣಶೀಲ ಟ್ರಿಟಿಯಂ ಬೆರೆತ ಕಾರ್ಟಿಕೋಸ್ಟೀರಾನನ್ನು, ಅಂದರೆ ಇಲಿಯ ಒತ್ತಡದ ಹಾರ್ಮೋನನ್ನು, ಚುಚ್ಚಿದರು. ಅದು ಹೆಚ್ಚಾಗಿ ಉಳಿದದ್ದು ಹಾರ್ಮೋನುಗಳ ಹತೋಟಿಗೆ ಹೆಸರಾದ ಹೈಪೊಥಲಾಮಸ್ಸಿನಲ್ಲಲ್ಲ, ನೆನಪಿನೊಡನೆ ನಂಟಿರುವ ಹಿಪೊಕ್ಯಾಂಪಸ್ಸಿನಲ್ಲಿ. ಏಳು ವರ್ಷಗಳ ನಂತರ ಅದೇ ಪ್ರಯೋಗಾಲಯದಲ್ಲಿ ರಾನ್ ಡಿ ಕ್ಲೂಟ್ ಕೃತಕ ಹಾರ್ಮೋನಾದ ಡೆಕ್ಸಾಮೆಥಾಸೋನನ್ನು ಪರೀಕ್ಷಿಸಿದಾಗ ಚಿತ್ರ ತಿರುಗಿತು. ಅದು ಪಿಟ್ಯುಟರಿಯಲ್ಲಿ ನಿಂತಿತು, ಹಿಪೊಕ್ಯಾಂಪಸ್ಸಿಗೆ ಅಷ್ಟಾಗಿ ಒಲಿಯಲಿಲ್ಲ.

ಹಾರ್ಮೋನು ಎಲ್ಲಿ ಅಂಟುತ್ತದೆಂದು ನೋಡುವ ಈ ಬಂಧನ ವಿಧಾನಕ್ಕೆ ಹುಟ್ಟಿನಿಂದಲೇ ಒಂದು ಕೊರತೆಯಿತ್ತು. ಅದು ತೋರಿಸುತ್ತಿದ್ದದ್ದು ಹಾರ್ಮೋನನ್ನು; ಹಾರ್ಮೋನನ್ನು ಹಿಡಿದುಕೊಳ್ಳುವ ಕೋಶದ ಪ್ರೋಟೀನನ್ನು, ಅಂದರೆ ಗ್ರಾಹಕವನ್ನಲ್ಲ. ಇಲಿಯ ಸ್ವಂತ ಹಾರ್ಮೋನು ಗ್ರಾಹಕಗಳನ್ನು ಆಗಲೇ ತುಂಬಿಕೊಂಡಿದ್ದರೆ ಚುಚ್ಚಿದ ಹಾರ್ಮೋನಿಗೆ ಜಾಗವಿರುವುದಿಲ್ಲ. ಭರ್ತಿಯಾದ ಬಸ್ಸಿಗೆ ಹೊಸದಾಗಿ ಹತ್ತಿದವರನ್ನು ಎಣಿಸಿ ಸೀಟುಗಳ ಲೆಕ್ಕ ಹಾಕಿದ ಹಾಗೆ. ಅದಕ್ಕೇ ಅಡ್ರಿನಲ್ ತೆಗೆಯಬೇಕಾಗುತ್ತಿತ್ತು. ಒತ್ತಡದ ಅಧ್ಯಯನಕ್ಕೆ ಒತ್ತಡದ ಹಾರ್ಮೋನೇ ಇಲ್ಲದ ಪ್ರಾಣಿ! ತುಂಬಿದ್ದರೂ ಖಾಲಿಯಿದ್ದರೂ ಗ್ರಾಹಕವನ್ನು ಗುರುತಿಸಬಲ್ಲ ಸಾಧನ ಬೇಕಿತ್ತು. ಹಾಗೆ ಒದಗಿದ್ದು ಪ್ರತಿಕಾಯ, ಅಂದರೆ ತನ್ನ ಗುರಿಯಾದ ಪ್ರೋಟೀನನ್ನು ಗುರುತಿಸಿ ಅಂಟಿಕೊಳ್ಳುವ ರೋಗನಿರೋಧಕ ಪ್ರೋಟೀನು.

1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಏಕತದ್ರೂಪಿ ಪ್ರತಿಕಾಯಗಳನ್ನು, ಅಂದರೆ ಎಲ್ಲವೂ ಒಂದೇ ತೆರನಾದ ಪ್ರತಿಕಾಯಗಳನ್ನು, ತಯಾರಿಸುವ ದಾರಿ ತೋರಿದರು. ಆದರೆ ಪ್ರತಿಕಾಯ ಬೆಳೆಸಲು ಮೊದಲು ಗುರಿಯಾದ ಪ್ರೋಟೀನು ಶುದ್ಧವಾಗಿ ಕೈಗೆ ಸಿಗಬೇಕು. ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ಯಾನ್-ಓಕೆ ಗುಸ್ಟಾಫ್‌ಸನ್ ಅವರ ತಂಡ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕವನ್ನು, ಅಂದರೆ ಕಾರ್ಟಿಕೋಸ್ಟೀರಾನಿನ ಬಗೆಯ ಹಾರ್ಮೋನುಗಳ ಗ್ರಾಹಕವನ್ನು, ಇಲಿಯ ಯಕೃತ್ತಿನಿಂದ ಬೇರ್ಪಡಿಸಿತ್ತು. ಡಿಎನ್‌ಎಗೆ ಅಂಟಿಕೊಳ್ಳುವ ಗ್ರಾಹಕದ ಗುಣವೇ ಶುದ್ಧೀಕರಣಕ್ಕೆ ನೆರವಾಯಿತು. 1984ರಲ್ಲಿ ಸ್ಯಾಮ್ ಓಕ್ರೆಟ್ ಮತ್ತು ಸಂಗಡಿಗರು ಅದರ ವಿರುದ್ಧದ ಏಕತದ್ರೂಪಿ ಪ್ರತಿಕಾಯಗಳನ್ನು ವರದಿ ಮಾಡಿದರು. ಮರುವರ್ಷವೇ ಶೆಲ್ ಫುಕ್ಸೆ ಅವರ ಗುಂಪು ಅಂಥ ಪ್ರತಿಕಾಯದಿಂದ ಮಿದುಳಿನ ನಕ್ಷೆ ಬರೆಯಿತು. ಯಕೃತ್ತಿನ ಪ್ರೋಟೀನಿಗಾಗಿ ಹುಟ್ಟಿದ ಪ್ರತಿಕಾಯ ನರಕೋಶಗಳಲ್ಲೂ ತನ್ನ ಗುರಿಯನ್ನು ಕಂಡುಕೊಂಡಿತು. ಹಿಪೊಕ್ಯಾಂಪಸ್ಸಿನ ಸಿಎ1, ಸಿಎ2 ವಲಯಗಳ ಕೋಶಕೇಂದ್ರಗಳು ಗಾಢವಾಗಿ ಬಣ್ಣ ತಳೆದವು, ಸಿಎ3 ಮಂಕಾಗಿತ್ತು.

ಈ ಮಂಕನ್ನೇ ನಂಬಿ ಸಿಎ3ಗೆ ಹಾರ್ಮೋನಿನ ಗೊಡವೆಯಿಲ್ಲ ಎಂದುಕೊಂಡರೆ ದಾರಿ ತಪ್ಪುತ್ತಿತ್ತು. ಅದೇ 1985ರಲ್ಲಿ ರ‍್ಯೂಲ್ ಮತ್ತು ಡಿ ಕ್ಲೂಟ್, ಹಳೆಯ ಬಂಧನ ವಿಧಾನವನ್ನೇ ಹದಗೊಳಿಸಿ, ಮಿದುಳಿನಲ್ಲಿ ಕಾರ್ಟಿಕೋಸ್ಟೀರಾನಿಗೆ ಎರಡು ಗ್ರಾಹಕಗಳಿವೆ ಎಂದು ತೋರಿಸಿದರು. ಪ್ರತಿಕಾಯ ಗುರುತಿಸುತ್ತಿದ್ದದ್ದು ಅವುಗಳಲ್ಲಿ ಒಂದಾದ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕವನ್ನು ಮಾತ್ರ. ಇನ್ನೊಂದಾದ ಮಿನರಲೋಕಾರ್ಟಿಕಾಯ್ಡ್ ಗ್ರಾಹಕದ ಹಿಡಿತ ಸುಮಾರು ಹತ್ತು ಪಟ್ಟು ಬಿಗಿ. ಹಾರ್ಮೋನು ಕಡಿಮೆಯಿದ್ದಾಗಲೂ ಅದು ಬಹುಪಾಲು ತುಂಬಿರುತ್ತದೆ. ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕ ತುಂಬುವುದು ಒತ್ತಡದ ವೇಳೆ ಮತ್ತು ದಿನಚರಿಯ ಏರಿನಲ್ಲಿ. 1968 ಮತ್ತು 1975ರ ಫಲಿತಾಂಶಗಳ ತಕರಾರಿನ ಬಹುಭಾಗ ಬಗೆಹರಿದದ್ದು ಇದರಿಂದ. ಪ್ರತಿಕಾಯಗಳ ಇತಿಹಾಸವನ್ನು ವಿಜಯಯಾತ್ರೆಯಾಗಿ ಬರೆಯುವವರು ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಕೊಡುವುದಿಲ್ಲ.

ಪ್ರತಿಕಾಯದ ನಿಜವಾದ ಕಸುವು ನನಗೆ ಕಾಣುವುದು ಪಿಟ್ಯುಟರಿಯ ಮಧ್ಯಹಾಲೆಯ ಪ್ರಸಂಗದಲ್ಲಿ. ಮುಂಭಾಗದ ಹಾಲೆಯ ಕಾರ್ಟಿಕೋಟ್ರೋಪ್ ಕೋಶಗಳೂ ಮಧ್ಯಹಾಲೆಯ ಕೋಶಗಳೂ ಪಿಒಎಂಸಿ ಎಂಬ ಒಂದೇ ಮೂಲ ಪ್ರೋಟೀನನ್ನು ತಯಾರಿಸುತ್ತವೆ. ಆದರೆ ಗ್ಲುಕೋಕಾರ್ಟಿಕಾಯ್ಡು ಮುಂಭಾಗದ ಉತ್ಪಾದನೆಯನ್ನು ತಗ್ಗಿಸಿದರೂ ಮಧ್ಯಹಾಲೆ ಕದಲುವುದಿಲ್ಲ. ಯಾಕೆ? 1985ರಲ್ಲಿ ಆಂಟಾಕ್ಲಿ ಮತ್ತು ಸಂಗಡಿಗರು ಪ್ರತಿಕಾಯ ಹಾಕಿ ನೋಡಿದಾಗ ಇಲಿಯ ಮಧ್ಯಹಾಲೆಯಲ್ಲಿ ಗ್ರಾಹಕವೇ ಕಾಣಲಿಲ್ಲ. ಹೈಪೊಥಲಾಮಸ್ಸಿನಿಂದ ಬರುವ ನರಗಳ ಸಂಪರ್ಕ ತಪ್ಪಿದಾಗ ಮಾತ್ರ ಅದು ಮೂಡಿತು. ಈ ನರಗಳು ಡೋಪಮೈನ್ ಸುರಿಸುವಂಥವು. ಅಂದರೆ ಹಾರ್ಮೋನಿಗೆ ಕೋಶ ಕಿವಿಗೊಡಬೇಕೋ ಬೇಡವೋ ಎಂಬುದರಲ್ಲಿ ನರದ ಮಾತೂ ನಡೆಯುತ್ತದೆ.

ಒತ್ತಡದ ಪ್ರತಿಕ್ರಿಯೆಗೆ ಚಾಲನೆ ಕೊಡುವ, ಹೈಪೊಥಲಾಮಸ್ಸಿನ ಸಿಆರ್‌ಎಫ್ ಹಾರ್ಮೋನಿನ ಗ್ರಾಹಕದ ಕಥೆ ಮಾತ್ರ ಇಷ್ಟು ಸಲೀಸಲ್ಲ. ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ವೈಲಿ ವೇಲ್ 1981ರಲ್ಲಿ ಕುರಿಗಳ ಹೈಪೊಥಲಾಮಸ್ಸಿನಿಂದ 41 ಅಮೈನೋ ಆಮ್ಲಗಳ ಈ ಹಾರ್ಮೋನನ್ನು ಪಡೆದರು. 1993ರಲ್ಲಿ ಅವರದೇ ತಂಡ ಅದರ ಗ್ರಾಹಕದ ಜೀನನ್ನು ಮಾನವ ಪಿಟ್ಯುಟರಿ ಗೆಡ್ಡೆಯೊಂದರಿಂದ ಹಿಡಿಯಿತು. ಇಲ್ಲಿ ಕೈಗೆ ಬಂದದ್ದು ಜೀನು, ಶುದ್ಧ ಪ್ರೋಟೀನಲ್ಲ. ಕೋಶಪೊರೆಯನ್ನು ಏಳು ಸಲ ಹಾಯುವ, ಅತಿ ವಿರಳವಾದ ಈ ಪ್ರೋಟೀನನ್ನು ಶುದ್ಧಗೊಳಿಸುವುದು ಕಷ್ಟ. ಆದ್ದರಿಂದ ಅದರ ಚಿಕ್ಕ ತುಣುಕುಗಳನ್ನು ಕೃತಕವಾಗಿ ಜೋಡಿಸಿ ಪ್ರತಿಕಾಯ ಬೆಳೆಸುವ ರೂಢಿ ಬಂತು. ತುಣುಕನ್ನು ಗುರುತಿಸುವ ಪ್ರತಿಕಾಯ ಬೇರೆ ಪ್ರೋಟೀನಿಗೂ ಅಂಟಬಹುದು. ಅಂಟಿದರೂ ಬಣ್ಣ ಅಷ್ಟೇ ಚೆಂದ ಬರುತ್ತದೆ.

ಇಂಥ ಅನುಮಾನ ಒಂದೇ ಗ್ರಾಹಕಕ್ಕೆ ಸೀಮಿತವಾಗಿರಲಿಲ್ಲ. ನರವಿಜ್ಞಾನದ ಹಿರಿಯ ಪತ್ರಿಕೆಯೊಂದರ ಸಂಪಾದಕ ಕ್ಲಿಫರ್ಡ್ ಸೇಪರ್ 2005ರಲ್ಲಿ ಓದುಗರಿಗೆ ಬಹಿರಂಗ ಪತ್ರ ಬರೆದರು. ಜೀನನ್ನೇ ಅಳಿಸಿದ ಇಲಿಯಲ್ಲೂ ಪ್ರತಿಕಾಯ ಅದೇ ಬಣ್ಣ ಕೊಡುತ್ತಿದೆಯೆಂದು ತಿಳಿದು ಲೇಖಕರು ಪ್ರಬಂಧಗಳನ್ನು ಹಿಂತೆಗೆದುಕೊಳ್ಳುವ ಸ್ಥಿತಿ ಬಂದಿದೆ ಎಂಬುದು ಅವರ ಅಳಲು. 2008ರ ಹೊತ್ತಿಗೆ ಸಿಆರ್‌ಎಫ್ ಸಂಶೋಧಕರು ಪ್ರತಿಕಾಯದ ಗೊಡವೆಯನ್ನೇ ಬಿಟ್ಟು ಇನ್ನೊಂದು ದಾರಿ ಹಿಡಿದಿದ್ದರು: ಮೊದಲ ಬಗೆಯ ಸಿಆರ್‌ಎಫ್ ಗ್ರಾಹಕದ ಜೀನು ಚಾಲೂ ಆದ ನರಕೋಶ ತಾನಾಗಿ ಹಸಿರು ಬೆಳಕು ಸೂಸುವಂತೆ ಇಲಿಗಳನ್ನು ರೂಪಿಸಿದರು. ಆ ಹಸಿರು ಹೇಳುವುದು ಯಾವ ಕೋಶ ಎಂಬುದನ್ನಷ್ಟೇ; ಕೋಶದ ಯಾವ ಅಂಚಿನಲ್ಲಿ ಗ್ರಾಹಕ ಕೂತಿದೆ ಎಂದು ಹೇಳಲು ಈಗಲೂ ಪ್ರೋಟೀನನ್ನೇ ಗುರುತಿಸುವ ಸಾಧನ ಬೇಕು.